ನಾಲ್ಕರಲ್ಲೊಂದು ಅಳತೆಯ ಟೈಗರ್ ಮಾತ್: ಕಟ್ಟುವ, ತೂಗುವ, ಹಾರಿಸುವ ಬಗೆ

ನಮ್ಮ ತಂದೆ ಅದನ್ನು ‘ಎರಡು ಅಂತಸ್ತಿನ ವಿಮಾನ’ ಎನ್ನುತ್ತಿದ್ದರು. ಯುದ್ಧದ ಕಾಲದಲ್ಲಿ ಯಲಹಂಕದ ಹೊಲಗಳ ಮೇಲೆ ಅದು ತಗ್ಗಿನಲ್ಲಿ ಹಾದುಹೋಗುವಾಗ ಒಳಗೆ ಕುಳಿತವನ ಚರ್ಮದ ಟೋಪಿಯೂ ಕಾಣುತ್ತಿತ್ತಂತೆ. ಅದರ ಹೆಸರು ಡಿ ಹ್ಯಾವಿಲ್ಯಾಂಡ್ ಟೈಗರ್ ಮಾತ್ ಎಂದು ನನಗೆ ತಿಳಿದದ್ದು ಬಹಳ ತಡವಾಗಿ, ಒಂದು ಫೌಂಡ್ರಿಯ ಪ್ಯಾಟರ್ನ್ ಶಾಪ್‌ನಲ್ಲಿ ಮರದ ಅಚ್ಚು ಕೆತ್ತುವ ಕೆಲಸಕ್ಕೆ ಸೇರಿದ ಮೇಲೆ. 1931ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಹಾರಿದ ಈ ತರಬೇತಿ ವಿಮಾನದಲ್ಲಿಯೇ ನಮ್ಮ ವಾಯುಪಡೆಯ ಒಂದು ತಲೆಮಾರು ಹಾರಾಟದ ಅಕ್ಷರಾಭ್ಯಾಸ ಮಾಡಿತು. ವಿ. ಎಂ. ಘಾಟಗೆಯವರ ತಂಡ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿ, ಮುಂದೆ ಸೇವೆಗೆ ಬಂದ ಮೇಲೆ ಟೈಗರ್ ಮಾತ್ ಜಾಗ ಬಿಟ್ಟುಕೊಟ್ಟಿತು.

ನಿವೃತ್ತಿಯ ನಂತರ ನಾನು ಅದನ್ನು ನಾಲ್ಕರಲ್ಲೊಂದು ಅಳತೆಯಲ್ಲಿ ಕಟ್ಟಿದೆ. ಹದಿನಾಲ್ಕು ತಿಂಗಳು ಹಿಡಿಯಿತು. ರೇಡಿಯೊ ನಿಯಂತ್ರಣದ ಚಿಕ್ಕ ವಿಮಾನಗಳನ್ನು ಆಗಲೇ ಕಟ್ಟಿ ಹಾರಿಸಿ ಪಳಗಿದವರು, ಮುಂದೆ ಒಂದು ದೊಡ್ಡ ಜೋಡಿ ರೆಕ್ಕೆಯ ವಿಮಾನಕ್ಕೆ ಕೈ ಹಾಕಬೇಕೆಂದಿರುವವರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದೇ ಮೊದಲ ಮಾದರಿ ಎನ್ನುವವರು ದಯವಿಟ್ಟು ಇನ್ನೆರಡು ವರ್ಷ ಕಾಯಿರಿ. ಒಂಬತ್ತು ಕಿಲೋ ತೂಕದ, ಮುಂದೆ ತಿರುಗುವ ಅಲಗಿರುವ ವಸ್ತು ಇದು. ಆಟಿಕೆಯಲ್ಲ.

ಮೊದಲು ಲೆಕ್ಕ. ನಿಜವಾದ ಟೈಗರ್ ಮಾತ್‌ನ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್. ನಮ್ಮದು 2.235 ಮೀಟರ್. ಎರಡೂ ರೆಕ್ಕೆಗಳ ವಿಸ್ತೀರ್ಣ ಸೇರಿ ಸುಮಾರು 1.39 ಚದರ ಮೀಟರ್. ತೂಕವನ್ನು 9 ಕಿಲೋ ಆಸುಪಾಸಿನಲ್ಲಿ ನಿಲ್ಲಿಸಿದರೆ ಚದರ ಡೆಸಿಮೀಟರ್‌ಗೆ 65 ಗ್ರಾಂ ಹೊರೆ ಬೀಳುತ್ತದೆ. ಆಗ ಗಂಟೆಗೆ 35 ಕಿಲೋಮೀಟರ್ ವೇಗದವರೆಗೂ ರೆಕ್ಕೆ ಗಾಳಿಯನ್ನು ಹಿಡಿದಿರುತ್ತದೆ. ಅಷ್ಟು ನಿಧಾನವಾಗಿ ಇಳಿಯುವ ವಿಮಾನವನ್ನು ಕಣ್ಣು, ಕೈ ಎರಡೂ ಹಿಂಬಾಲಿಸಬಲ್ಲವು. 11 ಕಿಲೋಗೆ ಏರಿದರೆ ಹಾರುವುದೇನೋ ಹಾರುತ್ತದೆ, ಆದರೆ ಟೈಗರ್ ಮಾತ್‌ನಂತೆ ಹಾರುವುದಿಲ್ಲ. ಇನ್ನೊಂದು ಮಾತು: ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ನಾವೆಲ್ಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಹತ್ತರಲ್ಲೊಂದು ಪಾಲು ತೆಳು, ಬೇಸಿಗೆಯಲ್ಲಿ ಇನ್ನೂ ತೆಳು. ಎಂಜಿನ್‌ಗೂ ರೆಕ್ಕೆಗೂ ಅಷ್ಟು ಬಲ ಕಡಿಮೆ. ವಿದೇಶದ ನಕ್ಷೆಯಲ್ಲಿ 30 ಸಿಸಿ ಎಂಜಿನ್ ಸಾಕು ಎಂದಿದ್ದರೂ ನಾನು 38 ಸಿಸಿಯ ಪೆಟ್ರೋಲ್ ಎಂಜಿನ್ ಕೂರಿಸಿದ್ದು ಇದೇ ಕಾರಣಕ್ಕೆ.

ಕಟ್ಟುವ ಹಲಗೆಯಾಗಿ ಹೊಸ ಫ್ಲಶ್ ಡೋರ್ ಒಂದನ್ನು ತನ್ನಿ. ನೀರುಮಟ್ಟ ಇಟ್ಟು ನೋಡಿಯೇ ಕೊಳ್ಳಿ. ಬಾಗಿದ ಹಲಗೆಯ ಮೇಲೆ ಕಟ್ಟಿದ ರೆಕ್ಕೆ ಜೀವಮಾನವಿಡೀ ಬಾಗಿಯೇ ಇರುತ್ತದೆ. ರಿಬ್‌ಗಳಿಗೆ (ರೆಕ್ಕೆಗೆ ಆಕಾರ ಕೊಡುವ ಅಡ್ಡಪಕ್ಕೆಲುಬುಗಳು) 3 ಮಿಲಿಮೀಟರ್ ಬಾಲ್ಸಾ ಎಂಬ ಹಗುರ ಮರ, ಸ್ಪಾರ್‌ಗಳಿಗೆ (ರೆಕ್ಕೆಯ ಉದ್ದಕ್ಕೂ ಭಾರ ಹೊರುವ ತೊಲೆಗಳು) ಎಳೆ ನೇರವಾಗಿರುವ ಸ್ಪ್ರೂಸ್ ಮರ, ಎಂಜಿನ್ ಕೂರುವ ಗೋಡೆಗೆ 6 ಮಿಲಿಮೀಟರ್ ಬರ್ಚ್ ಪ್ಲೈವುಡ್. ಎರಡು ಪ್ಲೈ ಅಚ್ಚುಗಳ ನಡುವೆ ಬಾಲ್ಸಾ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿದು, ಒಟ್ಟಿಗೇ ಉಜ್ಜಿ ರಿಬ್ ಮಾಡುವ ಹಳೆಯ ಪದ್ಧತಿ ನನಗೆ ಇಷ್ಟ. ಲೇಸರ್‌ನಲ್ಲಿ ಕತ್ತರಿಸಿ ತಂದರೂ ದೋಷವಿಲ್ಲ. ಮರಕ್ಕೆ ಮರ ಕೂಡಿಸಲು ಫೆವಿಕಾಲ್, ಲೋಹವೋ ಪ್ಲೈಯೋ ಭಾರ ಹೊರುವಲ್ಲಿ ನಿಧಾನವಾಗಿ ಗಟ್ಟಿಯಾಗುವ ಆರಾಲ್ಡೈಟ್. ಫೆವಿಕ್ವಿಕ್ ತುಂಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡಲು ಮಾತ್ರ.

ರೆಕ್ಕೆಗಳನ್ನು ಮಳೆಗಾಲದಲ್ಲಿ ಕಟ್ಟಬೇಡಿ. ಪ್ಯಾಟರ್ನ್ ಶಾಪ್‌ನಲ್ಲಿ ಮೂವತ್ತು ವರ್ಷ ಮರದ ಜೊತೆ ಬಾಳಿದವನ ಮಾತಿದು. ಆಷಾಢದ ತೇವದಲ್ಲಿ ಉಬ್ಬಿದ ಮರವನ್ನು ಅಂಟಿಸಿದರೆ ಮಾಘದ ಒಣಗಾಳಿಗೆ ಅದು ಸೆಳೆದುಕೊಳ್ಳುತ್ತದೆ, ರೆಕ್ಕೆಯ ತುದಿ ತಿರುಚುತ್ತದೆ. ನಾನು ಮಳೆಗಾಲವನ್ನು ಒಡಲು, ಬಾಲ, ಚಕ್ರದ ಕಾಲುಗಳಿಗೆ ಕೊಟ್ಟು, ರೆಕ್ಕೆಗಳನ್ನು ದೀಪಾವಳಿ ಕಳೆದ ಮೇಲೆ ಹಲಗೆಗೆ ಏರಿಸಿದೆ.

ಟೈಗರ್ ಮಾತ್ ಕಟ್ಟುವವರು ಅದರ ರೆಕ್ಕೆಗಳು ಏಕೆ ಹಿಂದಕ್ಕೆ ವಾಲಿವೆ ಎಂಬುದನ್ನು ತಿಳಿದಿರಬೇಕು. ಹಿಂದಿನ ಮಾತ್ ವಿಮಾನಗಳಲ್ಲಿ ಮೇಲಿನ ರೆಕ್ಕೆಯ ನಡುಭಾಗ ಮುಂದಿನ ಆಸನದ ನೆತ್ತಿಯ ಮೇಲೆಯೇ ಇತ್ತು. ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡವನು ಅಪಾಯದಲ್ಲಿ ಹೊರಕ್ಕೆ ನೆಗೆಯುವುದು ಕಷ್ಟ. ಹಾಗಾಗಿ ಆ ನಡುಭಾಗವನ್ನು, ಅದರೊಳಗಿನ ಪೆಟ್ರೋಲ್ ಟ್ಯಾಂಕ್ ಸಮೇತ, ಮುಂದಕ್ಕೆ ತಳ್ಳಿದರು. ರೆಕ್ಕೆ ಮುಂದೆ ಹೋದರೆ ಎತ್ತುವ ಬಲವೂ ಮುಂದೆ ಹೋಗುತ್ತದೆ. ಅದನ್ನು ಮತ್ತೆ ತನ್ನ ಜಾಗಕ್ಕೆ ತರಲು ರೆಕ್ಕೆಗಳನ್ನು ಹಿಂದಕ್ಕೆ ವಾಲಿಸಿದರು. ನೋಡಲು ಅಂದವಾಗಿರುವ ಆ ಓರೆ ಒಬ್ಬ ಮನುಷ್ಯನ ಜೀವ ಉಳಿಸಲು ಬಂದದ್ದು. ನಿಮ್ಮ ತೂಕದ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ, ಮುಂದೆ ಹೇಳುತ್ತೇನೆ.

ಒಡಲಿನಿಂದ ಮೇಲೆದ್ದು ಮೇಲಿನ ರೆಕ್ಕೆಯನ್ನು ಹೊರುವ ಗಿಡ್ಡ ಕಂಬಗಳಿಗೆ ಕಬೇನ್ ಎನ್ನುತ್ತಾರೆ. ಇಡೀ ವಿಮಾನದಲ್ಲಿ ನಾನು ಅತಿ ಹೆಚ್ಚು ದಿನ ಕಳೆದದ್ದು ಇವುಗಳ ಜೊತೆ. ಪಿಯಾನೊ ವೈರ್ ಬಗ್ಗಿಸಿ, ಸಿಲ್ವರ್ ಬ್ರೇಜಿಂಗ್ ಮಾಡಿ, ಮೊದಲು ಎಲ್ಲವನ್ನೂ ಒಂದು ಮರದ ಜಿಗ್‌ನಲ್ಲಿ (ಅಲುಗದಂತೆ ಹಿಡಿದಿಡುವ ಚೌಕಟ್ಟು) ಕೂರಿಸಿಯೇ ಒಡಲಿಗೆ ಜೋಡಿಸಬೇಕು. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ರೆಕ್ಕೆಯ ತುದಿಯಲ್ಲಿ ಅದು ಹತ್ತಾಗುತ್ತದೆ. ಬಾಗಿಲ ಚೌಕಟ್ಟಿನ ಮೂಲೆಮಟ್ಟ ನೋಡಲು ಬಡಗಿ ಕರ್ಣಕ್ಕೆ ದಾರ ಹಿಡಿಯುತ್ತಾನಲ್ಲ, ಅದೇ ಉಪಾಯ. ಬಾಲದ ತುದಿಯ ಕಂಬಕ್ಕೆ ಒಂದು ಗುಂಡುಸೂಜಿ ಚುಚ್ಚಿ, ಹಿಗ್ಗದ ದಾರವನ್ನು ಎಡರೆಕ್ಕೆಯ ತುದಿಗೂ ಬಲರೆಕ್ಕೆಯ ತುದಿಗೂ ಹಿಡಿದು ಅಳೆಯಿರಿ. ವ್ಯತ್ಯಾಸ 2 ಮಿಲಿಮೀಟರ್ ಮೀರಬಾರದು. ನಂತರ ರೆಕ್ಕೆ ಕೂರುವ ಕೋನ. ಕೋನಮಾಪಕವನ್ನು ನಾಲ್ಕು ರೆಕ್ಕೆತುಂಡುಗಳ ಬುಡದಲ್ಲೂ ತುದಿಯಲ್ಲೂ ಇಟ್ಟು ಎಂಟು ಅಂಕಿಗಳನ್ನು ಬರೆದುಕೊಳ್ಳಿ. ಎಡಕ್ಕೂ ಬಲಕ್ಕೂ ಕಾಲು ಡಿಗ್ರಿಗಿಂತ ಹೆಚ್ಚು ಭೇದವಿದ್ದರೆ ಅಲ್ಲೇ ನಿಲ್ಲಿಸಿ ಸರಿಪಡಿಸಿ. ಕೈಯಲ್ಲಿ ಹಿಡಿಯುವ ರೇಡಿಯೊ ಟ್ರಾನ್ಸ್‌ಮಿಟರ್‌ನ ಟ್ರಿಮ್ (ಸಣ್ಣ ತಿದ್ದುಪಡಿಯ ಗುಂಡಿ) ಒತ್ತಿ ಸರಿಮಾಡಿಕೊಂಡರಾಯಿತು ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ತಿರುಚಿದ ರೆಕ್ಕೆ ವೇಗದಲ್ಲಿರುವಾಗ ಟ್ರಿಮ್‌ಗೆ ಬಗ್ಗುತ್ತದೆ. ಇಳಿಯುವಾಗ, ವೇಗ ಕುಗ್ಗಿದಾಗ, ತನ್ನ ನಿಜಗುಣ ತೋರಿಸುತ್ತದೆ.

ರೆಕ್ಕೆಗಳ ನಡುವಿನ ತಂತಿಗಳು ಈ ಅಳತೆಯಲ್ಲಿ ಅಲಂಕಾರವಲ್ಲ. ಹಾರುವಾಗ ಮೇಲಕ್ಕೆ ಬಾಗುವ ರೆಕ್ಕೆಯನ್ನು ಹಿಡಿದಿಡುವ ತಂತಿ ಬೇರೆ, ನೆಲಕ್ಕೆ ತಾಕಿದಾಗ ಕೆಳಗೆ ಬಾಗುವುದನ್ನು ತಡೆಯುವ ತಂತಿ ಬೇರೆ. ಎರಡೂ ನೈಲಾನ್ ಹೊದಿಕೆಯ ಉಕ್ಕಿನ ತಂತಿಯಾಗಿರಲಿ, ಒಂದು ತುದಿಯಲ್ಲಿ ತಿರುಪಿ ಬಿಗಿಮಾಡುವ ಏರ್ಪಾಡಿರಲಿ. ಬಿಗಿ ಎಷ್ಟು? ಬೆರಳಿನಲ್ಲಿ ಮೀಟಿದರೆ ತಂತಿ ಮಂದವಾಗಿ ಮಿಡಿಯಬೇಕು, ತಂಬೂರಿಯಂತೆ ಮೊಳಗಬಾರದು. ಒಂದನ್ನು ಎಳೆಯುವಾಗ ಎದುರಿನದನ್ನೂ ಅಷ್ಟೇ ಎಳೆಯಿರಿ, ಪ್ರತಿ ಸಲವೂ ಕೋನಮಾಪಕ ಇಟ್ಟು ನೋಡಿ. ತಂತಿಗಳು ಒಂದನ್ನೊಂದು ದಾಟುವಲ್ಲಿ ಉಜ್ಜಾಡದಂತೆ ಸಣ್ಣ ಮರದ ಕಡ್ಡಿಯಿಂದ ಬೇರ್ಪಡಿಸಿ.

ಹೊದಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಸ್ತ್ರಿ ಶಾಖಕ್ಕೆ ಅಂಟಿ ಬಿಗಿಯಾಗುವ ಬಟ್ಟೆ ಸಿಗುತ್ತದೆ. ತೋಳಿನ ಬಟ್ಟೆಯಷ್ಟು ನಯವಾಗಿ ಕೂರುತ್ತದೆ. ಮೇಲೆ, ಕೆಳಗೆ ಸಮನಾಗಿ ಬಿಸಿ ಕೊಡಿ, ಇಲ್ಲದಿದ್ದರೆ ಇಷ್ಟು ದಿನ ಕಾಪಾಡಿದ ನೇರ ಹತ್ತು ನಿಮಿಷದಲ್ಲಿ ತಿರುಚಿಕೊಳ್ಳುತ್ತದೆ.

ಸರ್ವೊಗಳು, ಅಂದರೆ ಚಲಿಸುವ ಭಾಗಗಳನ್ನು ಎಳೆದು ತಳ್ಳುವ ಪುಟ್ಟ ಮೋಟಾರುಗಳು: ಎಲಿವೇಟರ್‌ಗೆ (ಮೂತಿಯನ್ನು ಏರಿಸಿ ಇಳಿಸುವ ಬಾಲದ ಅಡ್ಡಪಟ್ಟಿ) ಎರಡು, ಐಲರಾನ್‌ಗೆ (ವಿಮಾನವನ್ನು ಮಗ್ಗುಲಿಗೆ ವಾಲಿಸುವ, ರೆಕ್ಕೆಯ ಹಿಂಅಂಚಿನ ಪಟ್ಟಿ) ಎರಡು, ರಡ್ಡರ್‌ಗೆ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಚುಕ್ಕಾಣಿ) ಒಂದು, ಥ್ರಾಟಲ್‌ಗೆ (ಎಂಜಿನ್ ವೇಗ ಏರಿಸಿ ಇಳಿಸುವುದು) ಒಂದು. ರಡ್ಡರ್‌ಗೆ ಎರಡೂ ಕಡೆ ಎಳೆಯುವ ತಂತಿ, ಹತ್ತು ಕಿಲೋ ಬಲದ ಸರ್ವೊ. ವಿಮಾನದೊಳಗೆ ಸಂಕೇತ ಹಿಡಿಯುವ ರಿಸೀವರ್‌ಗೆ ಬೇರೆಬೇರೆ ಸ್ವಿಚ್ಚಿನ ಎರಡು ಬ್ಯಾಟರಿಗಳು, ಎಂಜಿನ್ ಇಗ್ನಿಷನ್‌ಗೆ ಇನ್ನೊಂದು. ಟ್ರಾನ್ಸ್‌ಮಿಟರ್‌ನಿಂದಲೇ ಇಗ್ನಿಷನ್ ಕಡಿಯುವ ಸ್ವಿಚ್ ಕಡ್ಡಾಯ. ಸಂಕೇತ ತಪ್ಪಿದರೆ ಥ್ರಾಟಲ್ ತಾನಾಗಿ ಇಳಿಯುವಂತೆ ಹೊಂದಿಸಿ, ಟ್ರಾನ್ಸ್‌ಮಿಟರ್ ಆರಿಸಿ ಪರೀಕ್ಷಿಸಿ.

ಐಲರಾನ್‌ಗಳು ಕೆಳರೆಕ್ಕೆಯಲ್ಲಿ ಮಾತ್ರ ಇವೆ. ಕೆಳಗಿಳಿದ ಐಲರಾನ್ ರೆಕ್ಕೆಯನ್ನು ಎತ್ತುವುದರ ಜೊತೆಗೆ ಗಾಳಿಗೆ ಅಡ್ಡಬಂದು ಆ ಕಡೆಯನ್ನೇ ಹಿಂದಕ್ಕೆ ಎಳೆಯುತ್ತದೆ. ಬಲಕ್ಕೆ ತಿರುಗಿಸಹೊರಟರೆ ಮೂತಿ ಎಡಕ್ಕೆ ಹೋಗುತ್ತದೆ. ಮೂಲ ವಿಮಾನದಲ್ಲಿ ಇದಕ್ಕೆಂದೇ, ಏರುವ ಐಲರಾನ್ ಬಹಳ ಏರುವಂತೆ, ಇಳಿಯುವುದು ಅತ್ಯಲ್ಪ ಇಳಿಯುವಂತೆ ಜೋಡಣೆ ಮಾಡಿದ್ದರು. ನಾನು ಮೇಲಕ್ಕೆ 25, ಕೆಳಕ್ಕೆ 6 ಮಿಲಿಮೀಟರ್ ಇಟ್ಟಿದ್ದೇನೆ. ಇಷ್ಟಾದರೂ ಈ ವಿಮಾನ ರಡ್ಡರ್ ಇಲ್ಲದೆ ತಿರುಗುವುದಿಲ್ಲ. ರಡ್ಡರ್ ಹಿಡಿಯುವ ಎಡಗೈ ಸುಮ್ಮನಿಟ್ಟು ಬಲಗೈ ಒಂದರಲ್ಲೇ ಹಾರಿಸಿ ರೂಢಿಯಾದವರು ಚಿಕ್ಕ ವಿಮಾನದಲ್ಲಿ ಒಂದು ತಿಂಗಳು ರಡ್ಡರ್ ಅಭ್ಯಾಸ ಮಾಡಿ ಬನ್ನಿ.

ಈಗ ತೂಕದ ಮಾತು. ನನ್ನ ಹಿಂದಿನ ಜೋಡಿ ರೆಕ್ಕೆಯ ವಿಮಾನ 4 ಕಿಲೋದ್ದು. ಗುರುತ್ವಕೇಂದ್ರವನ್ನು, ಅಂದರೆ ಇಡೀ ತೂಕ ಸಮತೂಗುವ ಬಿಂದುವನ್ನು, ಸರಿಯಾಗಿಯೇ ತೂಗಿದ್ದೆ, ಆದರೆ ಬಣ್ಣ ಬಳಿಯುವ ಮೊದಲು. ಬಾಲಕ್ಕೆ ಎರಡು ಪದರ ಬಣ್ಣ, ಮೇಲೊಂದು ವಾರ್ನಿಷ್. ಒಟ್ಟು 70 ಗ್ರಾಂ. ಬಾಲ ಗುರುತ್ವಕೇಂದ್ರದಿಂದ 90 ಸೆಂಟಿಮೀಟರ್ ಹಿಂದಿತ್ತು. ಕೇಂದ್ರ 16 ಮಿಲಿಮೀಟರ್ ಹಿಂದಕ್ಕೆ ಸರಿಯಿತು. ನೆಲ ಬಿಟ್ಟೊಡನೆ ಮೂತಿ ಮೇಲೆದ್ದಿತು, ಎಲಿವೇಟರ್ ಪೂರ್ತಿ ತಗ್ಗಿಸಿದರೂ ಕೇಳಲಿಲ್ಲ, ಹತ್ತು ಮೀಟರ್ ಎತ್ತರದಲ್ಲಿ ಸ್ಟಾಲ್ ಆಗಿ, ಅಂದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು, ಮಗ್ಗುಲಿಗೆ ಬಿತ್ತು. ಒಂದು ವರ್ಷದ ಕೆಲಸ ಆರು ಸೆಕೆಂಡಿನಲ್ಲಿ ಹೋಯಿತು. ಅಂದಿನಿಂದ ಬಣ್ಣ ಒಣಗಿ, ಗಾಜು, ಗೊಂಬೆ ಪೈಲಟ್, ಕಟ್ಟಕಡೆಯ ತಿರುಪು ಸೇರಿದ ಮೇಲೆಯೇ ತಕ್ಕಡಿ ಮುಟ್ಟುತ್ತೇನೆ. ಟ್ಯಾಂಕ್ ಮಾತ್ರ ಖಾಲಿಯಿರಬೇಕು.

ಗುರುತ್ವಕೇಂದ್ರ ಎಲ್ಲಿರಬೇಕು? ಎರಡು ರೆಕ್ಕೆಗಳನ್ನೂ ಒಂದೇ ರೆಕ್ಕೆಯಂತೆ ಎಣಿಸಬೇಕು. ಒಂದು ರೆಕ್ಕೆತುಂಡು ಸುಮಾರು 1 ಮೀಟರ್ ಉದ್ದ, ಅಗಲ 330 ಮಿಲಿಮೀಟರ್. ನನ್ನ ನಕ್ಷೆಯಲ್ಲಿ ಓರೆ 9 ಡಿಗ್ರಿ. ತುಂಡಿನ ನಟ್ಟನಡುವೆ, ಅಂದರೆ ಅರ್ಧ ಮೀಟರ್ ಆಚೆ, ಮುಂಅಂಚು ಬುಡದ ಮುಂಅಂಚಿಗಿಂತ ಸುಮಾರು 80 ಮಿಲಿಮೀಟರ್ ಹಿಂದಿರುತ್ತದೆ. ಆ ನಡುಜಾಗದ ಮುಂಅಂಚನ್ನು ಮೇಲಿನ ರೆಕ್ಕೆಗೂ ಕೆಳಗಿನದಕ್ಕೂ ಪಕ್ಕನೋಟದ ನಕ್ಷೆಯಲ್ಲಿ ಗುರುತಿಸಿ. ಎರಡು ಗುರುತುಗಳ ನಡುವಿನ ಬಿಂದುವಿನಿಂದ ಅಗಲದ 25 ಪ್ರತಿಶತ, ಅಂದರೆ 82 ಮಿಲಿಮೀಟರ್ ಹಿಂದಕ್ಕೆ ಬನ್ನಿ. ಮೊದಲ ಹಾರಾಟಕ್ಕೆ ಅದೇ ಜಾಗ. ಓರೆಯ 80 ಮಿಲಿಮೀಟರ್ ಮರೆತು ಬುಡದ ಮುಂಅಂಚಿನಿಂದಲೇ ಅಳೆದರೆ ಮೂತಿಗೆ ಸುಮ್ಮನೆ ಕಿಲೋಗಟ್ಟಲೆ ಸೀಸ ತುಂಬುತ್ತೀರಿ.

ಇಷ್ಟು ದೊಡ್ಡದನ್ನು ಎರಡು ಬೆರಳ ಮೇಲೆ ತೂಗಿ ನೋಡಲಾಗದು. ನಾನು ಮಾಡುವುದು ಹೀಗೆ: ಎರಡು ಚಕ್ರಗಳ ಕೆಳಗೂ ಬಾಲದ ಕೆಳಗೂ ಒಂದೊಂದು ಡಿಜಿಟಲ್ ತಕ್ಕಡಿ. ಬಾಲವನ್ನು ಪೆಟ್ಟಿಗೆಯ ಮೇಲೆ ಎತ್ತಿ, ವಿಮಾನ ಹಾರುವಾಗ ಇರುವಂತೆ ಮಟ್ಟಸವಾಗಿ ನಿಲ್ಲಿಸಬೇಕು. ನನ್ನದರಲ್ಲಿ ಬಾಲದ ಮೇಲೆ 0.78 ಕಿಲೋ, ಒಟ್ಟು 9.2 ಕಿಲೋ, ಚಕ್ರದ ಅಚ್ಚಿನಿಂದ ಬಾಲದ ಚಕ್ರಕ್ಕೆ 1,270 ಮಿಲಿಮೀಟರ್. 0.78ನ್ನು 1,270ರಿಂದ ಗುಣಿಸಿ 9.2ರಿಂದ ಭಾಗಿಸಿದರೆ 108. ಅಂದರೆ ಕೇಂದ್ರ ಚಕ್ರದ ಅಚ್ಚಿಗಿಂತ 108 ಮಿಲಿಮೀಟರ್ ಹಿಂದಿದೆ. ನಕ್ಷೆಯ ಗುರುತಿಗೆ ಇದು ಹೊಂದುವ ತನಕ ಮೊದಲು ಬ್ಯಾಟರಿಗಳನ್ನು ಮುಂದಕ್ಕೆ ಸರಿಸಿ, ಆಮೇಲೂ ಬೇಕಾದರೆ ಎಂಜಿನ್ ಗೋಡೆಗೆ ಸೀಸ ಬೋಲ್ಟ್ ಹಾಕಿ. ಬಾಲದಲ್ಲಿ ಉಳಿಸಿದ 10 ಗ್ರಾಂ ಮೂತಿಯಲ್ಲಿ 30 ಗ್ರಾಂ ಸೀಸ ಉಳಿಸುತ್ತದೆ. ಬಾಲ ಕಟ್ಟುವಾಗ ಹಗುರ ಬಾಲ್ಸಾ ಆರಿಸಿರೆಂದು ಬೇಡಿಕೊಳ್ಳುವುದು ಇದಕ್ಕೇ.

ಎಂಜಿನ್‌ನ ಮೂತಿಯನ್ನು 2 ಡಿಗ್ರಿ ಕೆಳಕ್ಕೂ 2 ಡಿಗ್ರಿ ಬಲಕ್ಕೂ ತಿರುಗಿಸಿ ಕೂರಿಸಿ. ಹಳೆಯ ಪೈಲಟ್‌ಗಳು ಬರೆದದ್ದನ್ನು ಓದಿದವರು ಇಲ್ಲಿ ಗೊಂದಲಪಡಬಾರದು: ನಿಜವಾದ ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್ ನಮ್ಮ ಮಾದರಿ ಎಂಜಿನ್‌ಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಅದು ಓಡುವಾಗ ಬಲಕ್ಕೆ ಎಳೆದರೆ ನಮ್ಮದು ಎಡಕ್ಕೆ ಎಳೆಯುತ್ತದೆ. ಇನ್ನು ಈಗಿನ ಪಂಪಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದೆ. ಅದು ನೀರನ್ನು ಹೀರುತ್ತದೆ, ಎಲ್ಲ ರಬ್ಬರಿಗೂ ಒಗ್ಗುವುದಿಲ್ಲ. ಪೆಟ್ರೋಲ್ ತಡೆಯುವ ಟ್ಯೂಬ್ ಹಾಕಿ, ಎರಡು ತಿಂಗಳಿಗೊಮ್ಮೆ ಟ್ಯಾಂಕಿನೊಳಗಿನ ಟ್ಯೂಬ್ ಹಿಚುಕಿ ನೋಡಿ. ನೆಲದ ಮೇಲೆ ಕನಿಷ್ಠ ಎರಡು ಟ್ಯಾಂಕ್ ಓಡಿಸಿ, ಮೂತಿ ಆಕಾಶಕ್ಕೆ ಎತ್ತಿ ಹಿಡಿದರೂ ಎಂಜಿನ್ ಉಸಿರುಕಟ್ಟದೆ ಓಡುವ ತನಕ ಮೈದಾನಕ್ಕೆ ಒಯ್ಯಬೇಡಿ. ಪ್ರೊಪೆಲರ್‌ನ ನೇರ ಪಕ್ಕದಲ್ಲಿ ಯಾರೂ ನಿಲ್ಲಬಾರದು. ತಿರುಗಿಸಿ ಚಾಲೂ ಮಾಡುವ ಕೈಗೆ ದಪ್ಪ ಕೈಗವಸು, ಬಾಲವನ್ನು ಹಿಡಿಯಲು ಇನ್ನೊಬ್ಬರು. ನಮ್ಮ ಮನೆಯಲ್ಲಿ ಆ ಇನ್ನೊಬ್ಬರು ನನ್ನ ಮಗಳು. ‘ಅಪ್ಪಾ, ಹಿಡಿದಿದ್ದೇನೆ’ ಎಂದು ಅವಳು ಗಟ್ಟಿಯಾಗಿ ಹೇಳದ ಹೊರತು ನಾನು ಪ್ರೊಪೆಲರ್ ಮುಟ್ಟುವುದಿಲ್ಲ.

ಜಾಗಕ್ಕೆ ಒಣಗಿದ ಕೆರೆಯಂಗಳಕ್ಕಿಂತ ಒಳ್ಳೆಯದು ನಮ್ಮ ಬಯಲುಸೀಮೆಯಲ್ಲಿಲ್ಲ. ಶಿವರಾತ್ರಿ ಕಳೆಯುವ ಹೊತ್ತಿಗೆ ನೆಲ ಗಟ್ಟಿಯಾಗಿರುತ್ತದೆ. ಹಿಂದಿನ ದಿನವೇ 100 ಮೀಟರ್ ಉದ್ದ ನಡೆದು ಬಿರುಕು, ಜಾಲಿಮುಳ್ಳು, ದನದ ಹೆಜ್ಜೆಗುಳಿ ನೋಡಿಬನ್ನಿ. ಊರಿನವರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಆ ಜಾಗ ಹಸಿರು ವಲಯದಲ್ಲಿದೆಯೇ ಎಂದು ನೋಡಿಕೊಂಡು, ಅಲ್ಲಿನ 120 ಮೀಟರ್ ಎತ್ತರದ ಮಿತಿಯೊಳಗೇ ಇರಿ. ಬೆಳಿಗ್ಗೆ ಏಳರಿಂದ ಒಂಬತ್ತು ಒಳ್ಳೆಯ ಹೊತ್ತು. ಹತ್ತರ ಮೇಲೆ ನೆಲ ಕಾದು ಸುಳಿಗಾಳಿ ಏಳುತ್ತದೆ, ನಿಂತ ವಿಮಾನವನ್ನೇ ಮಗುಚುತ್ತದೆ.

ಅಂದು ಅವಸರ ಬೇಡ. ಟ್ರಾನ್ಸ್‌ಮಿಟರ್‌ನ ಸಂಕೇತದ ಶಕ್ತಿ ತಗ್ಗಿಸುವ ಗುಂಡಿ ಒತ್ತಿ ಮೂವತ್ತು ಹೆಜ್ಜೆ ದೂರ ಹೋಗಿ, ಎಂಜಿನ್ ಓಡುತ್ತಿರುವಾಗಲೇ ಎಲ್ಲವೂ ಚಲಿಸುತ್ತವೆಯೇ ನೋಡಿ. ವಿಮಾನದ ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ತಳ್ಳಿ. ಬಲ ಐಲರಾನ್ ಮೇಲೇಳಬೇಕು. ಬಾಯಿಬಿಟ್ಟು ಹೇಳುತ್ತಾ ಪರೀಕ್ಷಿಸಿ. ಮೊದಲು ನಿಧಾನವಾಗಿ ಓಡಾಡಿಸಿ, ನಂತರ ಬಾಲ ಏಳುವಷ್ಟು ವೇಗಕ್ಕೆ ಎರಡು ಓಟ. ಪರೀಕ್ಷೆಗೆಂದು ಒಂದಡಿ ಹಾರಿಸಿ ಇಳಿಸುವ ಆಸೆ ಬೇಡ. ಅರ್ಧ ಮನಸ್ಸಿನ ಹಾರಾಟದಲ್ಲಿ ವೇಗವೂ ಇರುವುದಿಲ್ಲ, ಎತ್ತರವೂ ಇರುವುದಿಲ್ಲ.

ಹಾರಿಸುವಾಗ ಗಾಳಿಗೆ ಎದುರು ನಿಲ್ಲಿಸಿ, ಎಲಿವೇಟರ್ ತುಸು ಮೇಲಕ್ಕೆ ಹಿಡಿದು, ಥ್ರಾಟಲ್ಲನ್ನು ನಾಲ್ಕೈದು ಸೆಕೆಂಡಿನಲ್ಲಿ ನಿಧಾನವಾಗಿ ಏರಿಸಿ. ಒಮ್ಮೆಗೇ ತಳ್ಳಿದರೆ ಎಡಕ್ಕೆ ಹೊರಳುತ್ತದೆ. ಬಲ ರಡ್ಡರ್ ಮೇಲೆ ಹೆಬ್ಬೆರಳು ಜೀವಂತವಾಗಿರಲಿ. ಬಾಲ ಏಳುವಾಗ ಎಲಿವೇಟರ್ ಸಡಿಲಿಸಿ. ಬಾಲ ಎದ್ದ ಗಳಿಗೆಯಲ್ಲೇ ಎಡಕ್ಕೆ ಮತ್ತೊಂದು ಎಳೆತ ಬರುತ್ತದೆ, ಎದುರುನೋಡುತ್ತಿರಿ. ಆಮೇಲೆ ಎಳೆಯಬೇಡಿ, ಕಾಯಿರಿ. ಈ ವಿಮಾನ ತನಗೆ ಸಾಕೆನಿಸಿದಾಗ ತಾನೇ ನೆಲ ಬಿಡುತ್ತದೆ. ನನ್ನದು 35 ಹೆಜ್ಜೆ ಓಡಿ ಎದ್ದಾಗ ಮಗಳು ಚಪ್ಪಾಳೆ ತಟ್ಟಿದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. 30 ಮೀಟರ್ ಏರುವ ತನಕ ನೇರ. ನಂತರ ಮೊದಲು ರಡ್ಡರ್, ಅದರ ಬೆನ್ನಿಗೇ ಸ್ವಲ್ಪ ಐಲರಾನ್, ಅಗಲವಾದ ತಿರುವು.

ಥ್ರಾಟಲ್ ಅರ್ಧಕ್ಕೆ ತಂದು ಟ್ರಿಮ್ ಮಾಡಿ. 80 ಮೀಟರ್ ಎತ್ತರದಲ್ಲಿ, ಗಾಳಿಗೆ ಎದುರಾಗಿ, ಥ್ರಾಟಲ್ ತಗ್ಗಿಸಿ ಎಲಿವೇಟರ್ ಮೆಲ್ಲಗೆ ಎಳೆಯುತ್ತಾ ಅದು ಯಾವ ವೇಗದಲ್ಲಿ ಸ್ಟಾಲ್ ಆಗುತ್ತದೆ, ಯಾವ ರೆಕ್ಕೆ ಮೊದಲು ಬೀಳುತ್ತದೆ ನೋಡಿ. ಇಳಿಸುವ ಮೊದಲೇ ಇದನ್ನು ಮೇಲೆ ಕಲಿಯಬೇಕು. ಇನ್ನೊಂದು ಪರೀಕ್ಷೆ: ಅರ್ಧ ಥ್ರಾಟಲ್‌ನಲ್ಲಿ ಮೂತಿಯನ್ನು 30 ಡಿಗ್ರಿ ಕೆಳಗೆ ಮಾಡಿ ಕೈ ಬಿಡಿ. ನಿಧಾನವಾಗಿ ತಲೆಯೆತ್ತಿದರೆ ಒಳ್ಳೆಯದು. ರಭಸದಿಂದ ಎತ್ತಿದರೆ ಮೂತಿ ಭಾರ. ಇನ್ನೂ ಕೆಳಗೆ ಮುಳುಗಿದರೆ ಬಾಲ ಭಾರ, ತಕ್ಷಣ ಹಿಡಿದೆತ್ತಿ ಇಳಿಸಲು ಹೊರಡಿ. ಟೈಮರ್ ಆರು ನಿಮಿಷಕ್ಕೆ ಇಟ್ಟಿರಿ.

ಇಳಿಸುವಾಗ ಒಂದು ರೆಕ್ಕೆಯ ವಿಮಾನದ ರೂಢಿ ಕೆಲಸಕ್ಕೆ ಬರುವುದಿಲ್ಲ. ನಾಲ್ಕು ರೆಕ್ಕೆತುಂಡು, ಅಷ್ಟೊಂದು ಕಂಬ, ಅಷ್ಟೊಂದು ತಂತಿ. ಥ್ರಾಟಲ್ ಮುಚ್ಚಿದೊಡನೆ ಯಾರೋ ಹಿಂದಿನಿಂದ ಹಿಡಿದುಕೊಂಡಂತೆ ವೇಗ ಸತ್ತುಹೋಗುತ್ತದೆ. ಆದ್ದರಿಂದ ಕಾಲುಭಾಗ ಥ್ರಾಟಲ್ ಇಟ್ಟುಕೊಂಡೇ ಇಳಿಸಿ, ಇಳಿಜಾರನ್ನು ಥ್ರಾಟಲ್‌ನಿಂದ ಹಿಡಿಯಿರಿ, ವೇಗವನ್ನು ಎಲಿವೇಟರ್‌ನಿಂದ. ಚಕ್ರಗಳು ನೆಲದಿಂದ ಮೊಣಕಾಲೆತ್ತರಕ್ಕೆ ಬಂದಾಗ ಮಟ್ಟಸ ಮಾಡಿ, ಮುಂದಿನ ಚಕ್ರಗಳು ತಾಕಿದ ಮೇಲೆ ಥ್ರಾಟಲ್ ಪೂರ್ತಿ ಮುಚ್ಚಿ. ಪುಟಿದರೆ ತಳ್ಳಬೇಡಿ, ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಹೋಗಿ. ಪೂರ್ತಿ ನಿಲ್ಲುವ ತನಕ ರಡ್ಡರ್ ಬಿಡಬೇಡಿ. ನಮ್ಮ ವಿಮಾನ ಸರಿಯಾಗಿ ಇಳಿದು, ನಡಿಗೆಯ ವೇಗದಲ್ಲಿ ಅಡ್ಡತಿರುಗಿ ರೆಕ್ಕೆಯ ತುದಿ ಗೀಚಿಕೊಂಡಿತು.

ನಿಂತ ಮೇಲೆ ಇಗ್ನಿಷನ್ ಕಡಿದು, ರಿಸೀವರ್ ಸ್ವಿಚ್ ಆರಿಸಿ, ನಂತರ ಟ್ರಾನ್ಸ್‌ಮಿಟರ್. ಮಫ್ಲರ್ ತಿರುಪು, ಪ್ರೊಪೆಲರ್ ಬೋಲ್ಟ್, ಪ್ರತಿ ತಂತಿಯ ಬಿಗಿ, ಕಬೇನ್ ಬುಡ, ಚಕ್ರದ ಅಚ್ಚು ಒಂದೊಂದಾಗಿ ಮುಟ್ಟಿ ನೋಡಿ. ನಮ್ಮದರಲ್ಲಿ ಎಡಗಡೆಯ ಹಾರುತಂತಿ ಒಂದು ಸುತ್ತು ಸಡಿಲವಾಗಿತ್ತು, ಬ್ಯಾಟರಿಯಲ್ಲಿ ಕಾಲುಪಾಲು ಖರ್ಚಾಗಿತ್ತು, ಎಲಿವೇಟರ್ ಟ್ರಿಮ್ ಮೂರು ಮೆಟ್ಟಿಲು ಮೇಲಿತ್ತು. ಮೂರನ್ನೂ ಪುಸ್ತಕದಲ್ಲಿ ಬರೆದೆ. ಎರಡನೆಯ ಹಾರಾಟಕ್ಕೆ ಒಂದನ್ನು ಮಾತ್ರ ಬದಲಿಸಿ: ನಾನು ತಂತಿ ಬಿಗಿದೆ, ತೂಕ ಮುಟ್ಟಲಿಲ್ಲ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಡಬ್ಬಿಗೆ ಇಳಿಸಿ, ಹೊಟ್ಟೆಯಡಿ ಹರಡಿದ್ದ ಎಣ್ಣೆಯನ್ನು ಮಗಳು ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಿದ್ದಾಗ ಕೆರೆ ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಅಜ್ಜ ಇಳಿದು ಬಂದು, ‘ಎರಡು ಅಟ್ಟ ಯಾಕಪ್ಪ ಇದಕ್ಕೆ?’ ಎಂದು ಕೇಳಿದರು.